ವಿಕ್ಸಮ್ ದಂಡಯಾತ್ರೆ

ಓಕ್ ಬ್ರೂಕ್ ಹೆಡ್ ಆಫೀಸಿನವರು ನಮ್ಮ ಮನೆಯವರನ್ನು ಕಾರಲ್ಲಿ ಐದು ಗಂಟೆ ದೂರದ ವಿಕ್ಸಮ್‌ನ ಕಾರ್ಖಾನೆಗೆ ಹಾಕಿದಾಗ, ಇವರು ಅದನ್ನು ವರ್ಗಾವಣೆ ಎನ್ನಲಿಲ್ಲ, ದಂಡಯಾತ್ರೆ ಎಂದರು. ಸೋಮವಾರ ಹೋಗಿ ಶುಕ್ರವಾರ ಬರುವ ಆ ಉದ್ದದ ಡ್ರೈವ್‌ನಲ್ಲಿ ಬೈಜಾಂಟೈನ್ ಸಾಮ್ರಾಜ್ಯದ ಚರಿತ್ರೆಯ ಆಡಿಯೋ ಕೇಳುತ್ತಿದ್ದರು. ಅದರಲ್ಲೊಬ್ಬ ಸೇನಾಪತಿ. ಚಕ್ರವರ್ತಿ ಅವನನ್ನು ಸಮುದ್ರದಾಚೆ ಯುದ್ಧಕ್ಕೆ ಅಟ್ಟಿ, ಸಾಕಷ್ಟು ಸೈನ್ಯವನ್ನೂ ಕೊಡದೆ, ಗೆದ್ದರೆ ಅನುಮಾನ ಬೇರೆ ಪಡುತ್ತಿದ್ದನಂತೆ.

"ಥೇಟ್ ನನ್ ಕಥೆ ಕಣೇ!"

ಆ ಸೈನಿಕರು ದಾರಿಯಲ್ಲಿ ಕೆಟ್ಟ ರೊಟ್ಟಿ ತಿಂದು ಸತ್ತರಂತೆ. ಈ ಮಹಾಶಯರು ಹೋಟೆಲಿನ ಬೆಚ್ಚನೆಯ ರೂಮಿನಿಂದ ಫೋನ್ ಮಾಡಿ, ನಾನು ಕಟ್ಟಿಕೊಟ್ಟ ಚಟ್ನಿಪುಡಿಗೆ ಉಪ್ಪು ಕಮ್ಮಿ ಎಂದು ಗೊಣಗುತ್ತಿದ್ದರು. ಆದರೂ ನಾನು ಕಾಯುತ್ತಿದ್ದೆ. ಆಫೀಸಿನವರು ಇವರನ್ನು ವಾಪಸ್ ಕರೆಸಿಕೊಂಡರೆ ಸಾಕಿತ್ತು. ಡ್ರೈವ್‌ವೇಯ ಹಿಮ ಒಬ್ಬಳೇ ಬಾಚಿ ಬಾಚಿ ನನಗೆ ರೋಸಿಹೋಗಿತ್ತು.

ಚಳಿಗಾಲ ಮುಗಿಯುವಾಗ ನಮ್ಮ ಲೆಮಾಂಟ್ ದೇವಸ್ಥಾನದ ಸಭಾಂಗಣದಲ್ಲಿ ಆ ಸೇನಾಪತಿಯ ಬಗ್ಗೆ ಇವರ ಭಾಷಣ: ದೂರದ ದಂಡಯಾತ್ರೆಯ ಕಷ್ಟಗಳು. ಪೋಸ್ಟರ್ ಬರೆದದ್ದು ಕನ್ನಡ ಕ್ಲಾಸಿಗೆ ಹೋಗುವ ನಮ್ಮ ಮಗಳು. 'ದಂಡ' ಎಂದು ಬರೆದು, ಒಂದು ಗೇಣು ಜಾಗ ಬಿಟ್ಟು, 'ಯಾತ್ರೆ' ಎಂದು ಬರೆದಿದ್ದಳು.

"ದಂಡ ಮೀನ್ಸ್ ವೇಸ್ಟ್, ರೈಟ್? ವೇಸ್ಟ್ ಟ್ರಿಪ್?"

ಇವರ ಮುಖ ಊದಿಕೊಂಡಿತು. ನಾನು ನಗು ತಡೆದುಕೊಂಡು ಪೋಸ್ಟರನ್ನು ಹಾಗೇ ಅಂಟಿಸಿದೆ.

ಭಾಷಣಕ್ಕೆ ಮುಂಚೆ ದೇವಸ್ಥಾನದ ಕೆಳಮಹಡಿಯ ಕ್ಯಾಂಟೀನಿನಲ್ಲಿ ಇವರ ಸಹೋದ್ಯೋಗಿಯೊಬ್ಬರು ಪುಳಿಯೋಗರೆ ತಿನ್ನುತ್ತ ನನ್ನನ್ನು ಕೇಳಿದರು: "ಯಾಕ್ರೀ ಮೇಡಂ, ವಾಪಸ್ ಬನ್ನಿ ಅಂತ ಹೆಡ್ ಆಫೀಸಿಂದ ಹೇಳಿದ್ರೂ ನಿಮ್ ಯಜಮಾನ್ರು ಅಲ್ಲೇ ಇರ್ತೀನಿ ಅಂದ್ಬಿಟ್ರಂತೆ?"

ನನಗೆ ಇದು ಗೊತ್ತೇ ಇರಲಿಲ್ಲ. ಗೊತ್ತಿರುವವಳ ಹಾಗೆ ತಲೆಯಾಡಿಸಿ ಮೇಲೆ ಹೋಗಿ ಮಗಳ ಪಕ್ಕ ಕುಳಿತೆ. ಮೈಯೆಲ್ಲ ಉರಿಯುತ್ತಿತ್ತು. ವೇದಿಕೆಯ ಮೇಲೆ ಇವರು ಮನೆ ಮಠ ಬಿಟ್ಟು ಪರದೇಶದಲ್ಲಿ ಕಾದಾಡುವವನ ಸಂಕಟವನ್ನು ಗದ್ಗದರಾಗಿ ವರ್ಣಿಸಿದರು. ಮುಂದಿನ ಸಾಲಿನ ಆಂಟಿಯೊಬ್ಬರು ಕಣ್ಣು ಕೂಡ ಒರೆಸಿಕೊಂಡರು, ಪಾಪ.

ಯಾರಿಗಾದರೂ ಪ್ರಶ್ನೆ ಇದೆಯೇ ಎಂದಾಗ ನಾನು ಎದ್ದು ನಿಂತೆ.

"ವಾಪಸ್ ಬಾ ಅಂತ ರಾಜಧಾನಿಯಿಂದ ಹೇಳಿ ಕಳಿಸಿದಾಗ ನಿಮ್ಮ ಸೇನಾಪತಿ ಏನ್ ಮಾಡಿದ?"

ಇವರು ನನ್ನನ್ನು ನೋಡಿದರು. ಕ್ಯಾಂಟೀನಿನಲ್ಲಿ ಸಿಕ್ಕ ಸಹೋದ್ಯೋಗಿಯನ್ನು ನೋಡಿದರು. ನೀರು ಕುಡಿದರು.

"ಬಂದ," ಎಂದರು ಮೆತ್ತಗೆ.

ಜನ ಚಪ್ಪಾಳೆ ತಟ್ಟಿದರು. ಮಗಳು ನನ್ನ ಸೆರಗು ಜಗ್ಗಿ ಕೇಳಿದಳು, "ಸೋ ಈಸ್ ಅಪ್ಪ ಕಮಿಂಗ್ ಹೋಮ್ ಟೂ?"

"ಇಲ್ಲ ಪುಟ್ಟಾ," ಎಂದೆ. "ಪೋಸ್ಟರಲ್ಲಿ ನೀನ್ ಜಾಗ ಬಿಟ್ಟು ಬರೆದಿದ್ದೇ ಸರಿ."