ತವರಿನ ಚೀಲ

ಸರಸಂಬಾದ ಗಾಡಿ ಹುಲೆಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೆ ನಿಜಾಮರ ಸೀಮೆ ಮುಗಿದು ಅಕ್ಕಲಕೋಟೆ ಸೀಮೆ ಶುರುವಾಗುವಲ್ಲಿದ್ದ ಸುಂಕದ ನಾಕಾದಲ್ಲಿ ಅವನ ಮಾತಿಗಿದ್ದ ಬೆಲೆ ಸಾಹುಕಾರರ ಮಾತಿಗೂ ಇರಲಿಲ್ಲ. ನಾಕಾ ದಾಟುವ ಗಾಡಿಯವನು ತನ್ನಲ್ಲಿರುವ ಮಾಲು ಇಂಥದ್ದು ಎಂದು ಹೇಳಬೇಕು, ಮುನ್ಷಿ ಇಸ್ಮಾಯಿಲ ಅದನ್ನು ಉರ್ದುವಿನಲ್ಲಿ ಚೀಟಿ ಮಾಡಬೇಕು. ಉಳಿದವರು ‘ಕಾಳು’ ಎಂದು ಹೇಳಿ ಬೀಡಿ ಹಚ್ಚಿದರೆ ಹುಲೆಪ್ಪ ಅಷ್ಟಕ್ಕೆ ಬಿಡುವವನಲ್ಲ.

“ಬರೇ ಕಾಳು ಅನಬ್ಯಾಡ್ರಿ ಮುನ್ಷಿ ಸಾಹೇಬ್ರ. ತೊಗರಿ ಐತಿ. ಅದರಾಗ ಒಂದು ಚೀಲಕ್ಕ ಹುಳ ಬಿದ್ದೈತಿ. ಹಾಂಗೇ ಬರೀರಿ.”

“ಹುಳದ ಹೆಸರೂ ಹೇಳಿಬಿಡಲೇ, ಅದಕ್ಕೂ ಸುಂಕ ಹಾಕೋಣು” ಎಂದು ಇಸ್ಮಾಯಿಲ ನಗುತ್ತಿದ್ದ. ಹುಲೆಪ್ಪನ ಚೀಲಗಳನ್ನು ಯಾರೂ ಬಿಚ್ಚಿಸುತ್ತಿರಲಿಲ್ಲ. ಹೀಗಾಗಿಯೇ ಸಾಹುಕಾರ ಶಾಂತಲಿಂಗಪ್ಪನವರು, ತಮ್ಮ ಮನೆಯ ಕಟ್ಟೆ ಹತ್ತಲು ಬಿಡದ ಈ ಮನುಷ್ಯನ ಕೈಗೆ ಗಾಡಿ ತುಂಬ ಮಾಲು ಕೊಟ್ಟು ನಿಶ್ಚಿಂತೆಯಿಂದ ಮಲಗುತ್ತಿದ್ದರು. ಮಾಲಿಗೆ ಮೈಲಿಗೆ ಇಲ್ಲವಲ್ಲ!

ಮೂವತ್ತೆಂಟನೆಯ ಇಸವಿಯಲ್ಲಿ ಅವನ ಮಗಳು ಕಸ್ತೂರಿಬಾಯಿ, ಅಕ್ಕಲಕೋಟೆ ಸೀಮೆಯ ಗಂಡನ ಮನೆಯಲ್ಲೇ ದಿನ ತುಂಬುವ ಮೊದಲು ಹೆತ್ತಳು. ಹೆಂಡತಿ ಮಲ್ಕಮ್ಮ ಬಾಣಂತಿಗೆ ತವರಿನ ಚೀಲ ಕಟ್ಟಿದಳು. ಅದಕ್ಕೊಂದು ರೀತಿ ಇತ್ತು. ಚೀಲದ ಬಾಯಿಯನ್ನು ತಾಯಿಯೇ ಹೊಲಿಯಬೇಕು, ಬಾಣಂತಿಯೇ ಬಿಚ್ಚಬೇಕು. ನಡುವೆ ಗಂಡಸರು ಕೈ ಹಾಕಬಾರದು, ಒಳಗೇನಿದೆ ಎಂದು ಕೇಳಲೂ ಬಾರದು. ಕೇಳಿದರೆ ಕೂಸಿಗೆ ದೃಷ್ಟಿ ತಾಗುತ್ತದೆ. ಊರ ಮಂದಿಯ ಚೀಲಗಳನ್ನೆಲ್ಲ ಮುಟ್ಟಿ ನೋಡಿ ಗಾಡಿಗೆ ಹಾಕುವ ಹುಲೆಪ್ಪ, ತನ್ನ ಮನೆಯ ಚೀಲವನ್ನು ಹಾಗೆಯೇ ಸಾಹುಕಾರರ ತೊಗರಿಯ ಮೇಲೆ ಇಟ್ಟುಕೊಂಡು ಹೊರಟ.

ನಾಕಾದಲ್ಲಿ ಹೊಸ ನಾಕೇದಾರ ಬಂದಿದ್ದ.

“ಅದರಾಗ ಏನೈತಿ?” ಎಂದು ಕೇಳಿದ.

“ಬಾಣಂತಿ ಸಾಮಾನ್ರಿ. ಕೊಬ್ಬರಿ, ಬೆಲ್ಲ, ಗೋದಿ, ಅಳವಿ ಬೀಜ” ಎಂದ ಹುಲೆಪ್ಪ. ಎಲ್ಲ ತವರಿನ ಚೀಲಗಳಲ್ಲಿ ಇರುವುದು ಅದೇ ತಾನೇ? ಇಸ್ಮಾಯಿಲ ಹಾಗೆಯೇ ಬರೆದ, ಹುಲೆಪ್ಪ ಹೆಬ್ಬೆಟ್ಟು ಒತ್ತಿದ. ನಾಕೇದಾರ ಹೊಲಿಗೆ ಕೊಯ್ಯಿಸಿ ಚೀಲವನ್ನು ನೆಲಕ್ಕೆ ಸುರುವಿಸಿದ. ಗೋದಿಯ ಜೊತೆ ಒಂದು ಅರಿಬಿ ಗಂಟು ಬಿತ್ತು. ಗಂಟಿನಲ್ಲಿ ಬೆಳ್ಳಿಯ ಉಡದಾರ, ಪುಟ್ಟ ಕಾಲ್ಗಡಗ. ಮಲ್ಕಮ್ಮ ತನ್ನ ಕೈಯ ಕಡಗ ಕರಗಿಸಿ ಮೊಮ್ಮಗನಿಗೆ ಮಾಡಿಸಿದ್ದಳು.

ಚೀಟಿಯಲ್ಲಿ ಇಲ್ಲದ ಬೆಳ್ಳಿ ಎಂದರೆ ಕಳ್ಳಮಾಲು. ಇಸ್ಮಾಯಿಲ ಹತ್ತಿರ ಬಂದು, “ನಂಗ ಗೊತ್ತಿರಲಿಲ್ಲ ಅಂತ ನೀ ಅನ್ನು ಹುಲೆಪ್ಪಾ, ಹಾಂಗೇ ಬರೀತೇನಿ” ಎಂದ.

“ಬರಿ. ಗೊತ್ತಿದ್ದವರು ಇಲ್ಲಿಗೆ ಬಂದು ಜಬಾಬು ಕೊಡಲಿ. ಚೀಲ ಕಟ್ಟಿದವರು ಯಾರು?” ಎಂದ ನಾಕೇದಾರ.

ಆ ನಾಕಾಕ್ಕೆ ಕರೆತಂದ ಹೆಂಗಸರ ಸೀರೆಯನ್ನು ಚಪರಾಸಿಗಳು ಹೇಗೆ ಝಾಡಿಸಿ ನೋಡುತ್ತಿದ್ದರು, ಏನೇನು ಮಾತಾಡುತ್ತಿದ್ದರು ಎಂಬುದನ್ನು ಹುಲೆಪ್ಪ ಎಷ್ಟೋ ಸಲ ಕಣ್ಣಾರೆ ಕಂಡಿದ್ದ. ಅವನು ನೆಲದ ಮೇಲೆ ಚೆಲ್ಲಿದ ಗೋದಿಯನ್ನು ನೋಡುತ್ತ ನಿಂತ.

“ನಾನೇ ಇಟ್ಟೇನ್ರಿ” ಎಂದ. “ಗೊತ್ತಿದ್ದೇ ಇಟ್ಟೇನಿ.”

ಜನ್ಮದಲ್ಲಿ ಆ ನಾಕಾದಲ್ಲಿ ಅವನು ಹೇಳಿದ ಸುಳ್ಳು ಅದೊಂದೇ. ಆ ಒಂದನ್ನು ಸರಕಾರ ಕಣ್ಣು ಮುಚ್ಚಿ ನಂಬಿತು. ಎಂಥ ಸರಕಾರವೋ!

ಬೆಳ್ಳಿ, ಗಾಡಿ, ಎತ್ತು ಎಲ್ಲ ಜಪ್ತಿಯಾದವು. ಶಾಂತಲಿಂಗಪ್ಪನವರು ದಂಡ ಕಟ್ಟಿ ತಮ್ಮ ತೊಗರಿ ಬಿಡಿಸಿಕೊಂಡರು. ಹುಲೆಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಎತ್ತುಗಳು ಲಿಲಾವಾದ ದಿನ ಹುಲೆಪ್ಪ ಅಲ್ಲೇ ನಿಂತಿದ್ದ. ಬಿಳಿ ಎತ್ತು ಹೊಸ ಮಾಲೀಕನ ಹಿಂದೆ ಹೋಗಲೊಲ್ಲದೆ ಹೊಡೆತ ತಿಂದಿತು. ನಾಲ್ಕು ಹಳ್ಳಿಯಲ್ಲಿ ಅವನ ಹೆಸರಿಗೆ ಕಳ್ಳನೆಂಬ ಮಾತು ಅಂಟಿಕೊಂಡಿತು. ಊರ ಜಾಣರು “ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು” ಎಂದು ಗಾದೆ ಹೇಳಿಕೊಂಡು ತಿರುಗಿದರು. ಯಾವ ಬುದ್ಧಿ, ಯಾವ ಒಲೆ? ಕೇಳಿದರೆ ಅವರ ಓಣಿಯಲ್ಲೇ ಬೆಳೆದ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಹುಲೆಪ್ಪ ಮಟಕಿ ಊರಿನ ಹೊಲಗಳಿಗೆ ಕೂಲಿಗೆ ಹೋಗತೊಡಗಿದ. ಮಲ್ಕಮ್ಮನಿಗೆ ಅವನು ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೇನೋ. ಮಗಳು ಮತ್ತೊಮ್ಮೆ ಹೆತ್ತಾಗ ಅವಳು ಚೀಲ ಕಟ್ಟಲೇ ಇಲ್ಲ. ತವರಿನಿಂದ ಏನೂ ಬರಲಿಲ್ಲವೆಂದು ಬೀಗರು ಕಸ್ತೂರಿಬಾಯಿಯನ್ನು ತವರಿಗೆ ಕಳಿಸುವುದನ್ನೇ ಬಿಟ್ಟರು. ಅವಳನ್ನೂ ಆ ಕೂಸುಗಳನ್ನೂ ಮುದುಕ ಮುದುಕಿ ಮತ್ತೆ ಕಾಣಲಿಲ್ಲ.

ಒಂದು ಮುಂಜಾನೆ ನಾನು ಅವರ ಬಾಗಿಲಲ್ಲಿದ್ದೆ. ಮಲ್ಕಮ್ಮ ಗಂಡನ ಬುತ್ತಿ ಕಟ್ಟುವ ಮೊದಲು ಅರಿಬಿಯನ್ನು ಅವನ ಮುಂದೆ ಹರವಿ ಹಿಡಿದಳು.

“ರೊಟ್ಟಿ ಅದಾವ್ರಿ. ಶೇಂಗಾ ಹಿಂಡಿ. ಒಂದು ಉಳ್ಳಾಗಡ್ಡಿ. ಮತ್ತೇನಿಲ್ಲ, ನೋಡ್ರಿ.”

“ದಿನಾ ಯಾಕ ಹೇಳ್ತಿ ಬೇ? ಕಟ್ಟು ಸುಮ್ಮ” ಎಂದ ಹುಲೆಪ್ಪ.

“ಯಾರರೆ ಕೇಳಿದ್ರ” ಎಂದಳು ಮಲ್ಕಮ್ಮ, “ನಿಮಗ ಗೊತ್ತಿರಬೇಕಲ್ರಿ.”