ಒಂದು ತಾಸು ಹತ್ತು ನಿಮಿಷದ ಹೋಳಿಗೆ

ಸ್ಟೀಲ್ ಡಬ್ಬಿಯನ್ನು ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಒಳಗೆ ನನ್ನ ಹೆಂಡತಿ ಸುಮಾ ಆಗಷ್ಟೇ ಬೇಯಿಸಿದ ಎಂಟು ಹೂರಣದ ಹೋಳಿಗೆಗಳಿದ್ದವು. "ಬಿಸಿ ಇರೋದ್ರೊಳಗ ಅಕ್ಕಾರಿಗೆ ಮುಟ್ಟಸ್ರಿ" ಎಂದಳು. ಹೈದರಾಬಾದಿನ ನಾಚಾರಂನಿಂದ ಬೆಂಗಳೂರಿನ ಬನಶಂಕರಿಗೆ!

ತಪ್ಪು ಅವಳದಲ್ಲ, ಸ್ನೇಹಿತರೆ, ನನ್ನದೇ. ವಿಮಾನ ಎರಡು ನಿಲ್ದಾಣಗಳ ನಡುವೆ ಹಾರುತ್ತದೆ, ಎರಡು ಅಡುಗೆಮನೆಗಳ ನಡುವೆ ಅಲ್ಲ ಎಂಬುದನ್ನು ಮರೆತು, "ಬರೇ ಒಂದು ತಾಸು ಹತ್ತು ನಿಮಿಷ, ಅಕ್ಕಾ! ಹನ್ನೆರಡಕ್ಕ ಹತ್ತಿದ್ರ ಮಧ್ಯಾಹ್ನದ ಊಟಕ್ಕ ನಿನ್ನ ಮನ್ಯಾಗ" ಎಂದು ಫೋನಿನಲ್ಲಿ ಜಂಬ ಕೊಚ್ಚಿದ್ದೆ. ನಾನು ಹೊರಡುವ ದಿನ ಶನಿವಾರ, ಅಕ್ಕನ ಒಪ್ಪತ್ತು. ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವುದರೊಳಗೆ. "ಹಂಗಾದ್ರ ನೀ ಬಂದಮ್ಯಾಲೇ ಉಣ್ತೀನಿ" ಎಂದುಬಿಟ್ಟಳು. ಎರಡು ವರ್ಷಗಳ ನಂತರ ಮುಖ ತೋರಿಸುವ ತಮ್ಮನಿಗೆ ಅಷ್ಟು ಮರ್ಯಾದೆ.

ಎಂಟಕ್ಕೆ ಮನೆ ಬಿಟ್ಟವನು ಶಂಶಾಬಾದಿನ ನಿಲ್ದಾಣ ಸೇರುವಷ್ಟರಲ್ಲಿ ಹತ್ತು ದಾಟಿತ್ತು. ತಪಾಸಣೆಯವರು ಡಬ್ಬಿ ತೆರೆಸಿದರು, ಒಬ್ಬರು ನೋಡಿ, ಇನ್ನೊಬ್ಬರು ಮೂಸಿ, ಮೂರನೆಯವರು "ಘರ್ ಕಾ ಹೈ ಕ್ಯಾ?" ಎಂದು, ಮನೆಯಲ್ಲೇ ಮಾಡಿದ್ದಾ ಎಂದು ಕೇಳಿ, ದೀರ್ಘವಾಗಿ ಉಸಿರುಬಿಟ್ಟು ಮುಚ್ಚಿಕೊಟ್ಟರು. ಆಮೇಲೆ ವಿಮಾನವೇ ಒಂದೂವರೆ ತಾಸು ತಡವಾಯಿತು. ಹಾರಿದ ಮೇಲೆ ಮಾತ್ರ ಅದು ಕೊಟ್ಟ ಮಾತು ಉಳಿಸಿಕೊಂಡಿತು ಎನ್ನಬೇಕು. ನಾನು ಡಬ್ಬಿ ತಬ್ಬಿಕೊಂಡು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದೇವನಹಳ್ಳಿ ಬಂದಿತ್ತು.

ಇನ್ನೇನು ಬಂದೇಬಿಟ್ಟೆ ಎಂದುಕೊಂಡವನಿಗೆ ಬೆಂಗಳೂರು ತನ್ನ ಉದ್ದಗಲವನ್ನೆಲ್ಲ ಸಾವಕಾಶವಾಗಿ ತೋರಿಸಿತು. ಹೆಬ್ಬಾಳದಲ್ಲಿ ನಿಂತ ಟ್ಯಾಕ್ಸಿಯೊಳಗೆ ಕೂತು ನಾನು ನೋಡುತ್ತಿದ್ದದ್ದು ಗಡಿಯಾರವನ್ನಲ್ಲ, ಸೂರ್ಯನನ್ನು. ನನ್ನ ಬಡಾಯಿಗೆ ಅಕ್ಕ ಉಪವಾಸ ಮಲಗಬೇಕಾಗುತ್ತದಲ್ಲ! "ನೀ ಉಂಡುಬಿಡು" ಎಂದು ಫೋನ್ ಮಾಡಿದರೆ, "ಸುಮ್ನ ಬಾರಪ್ಪಾ" ಎಂದು ಇಟ್ಟುಬಿಟ್ಟಳು.

ಮನೆ ಮುಟ್ಟಿದಾಗ ಬೀದಿಯಲ್ಲಿ ಬಿಸಿಲಿರಲಿಲ್ಲ. ಬಾಗಿಲಿಗೆ ಬೀಗ. ಬೀಗ ಜಗ್ಗಿ ನೋಡಿದೆ. ಅಷ್ಟರಲ್ಲಿ ತಾರಸಿಯ ಮೇಲಿಂದ ಧ್ವನಿ: "ಲಗೂನ ಮ್ಯಾಲ ಬಾ! ಇಲ್ಲಿ ಇನ್ನೂ ಹೊತ್ತು ಐತಿ."

ನೀರಿನ ಟ್ಯಾಂಕಿನ ಪಕ್ಕ ಎರಡು ತಟ್ಟೆ ಹಾಕಿಕೊಂಡು, ಮುಳುಗಲಿರುವ ಸೂರ್ಯನ ಕಡೆ ಮುಖಮಾಡಿ ಅಕ್ಕ ಕೂತಿದ್ದಳು. ಡಬ್ಬಿ ಕಸಿದು ಹೋಳಿಗೆ ಮುರಿದು ಮೊದಲ ತುತ್ತು ಬಾಯಿಗಿಟ್ಟಳು. "ಇನ್ನೂ ಬೆಚ್ಚಗೈತಲ್ಲೋ!"

ಬೆಚ್ಚಗಿತ್ತು, ನಿಜ. ಆ ಬಿಸಿ ನಾಚಾರಂನ ಒಲೆಯದ್ದಲ್ಲ; ಮೂರು ತಾಸು ಟ್ಯಾಕ್ಸಿಯಲ್ಲಿ ನನ್ನ ತೊಡೆಯ ಮೇಲೆ ಕೂತು ಬಂದದ್ದು. ನನಗೆ ಅಳು ಬಂದಿತ್ತು, ಹಸಿವೂ ಆಗಿತ್ತು, ಮೊದಲು ಉಂಡೆ.

ಮರುದಿನ ಹೊರಟಾಗ ಅಕ್ಕ ಅದೇ ಡಬ್ಬಿ ತಂದು ಕೈಗಿಟ್ಟಳು. ಖಾಲಿ ಡಬ್ಬಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಒಲೆಯಿಂದಿಳಿದ ಕರಿಗಡಬು, ಮುಟ್ಟಿದರೆ ಕೈ ಚುರ್ರೆಂದಿತು.

"ಬಿಸಿ ಇರೋದ್ರೊಳಗ ಸುಮಾಗ ಮುಟ್ಟಸು" ಎಂದಳು, ನಗು ತಡೆಯುತ್ತ. "ಒಂದು ತಾಸು ಹತ್ತು ನಿಮಿಷ ಅಲ್ಲೇನು?"