ಎರಡು ಕಿಲೋ ನೀರು

ನಮ್ಮ ಶಹಾಪುರದ ಡಯಾಲಿಸಿಸ್ ಘಟಕಕ್ಕೆ ಆ್ಯಪ್ ಬಂದಾಗ ಎಲ್ಲರಿಗಿಂತ ಮೊದಲು ಕಲಿತವರು ಹುಣಸಗಿ ಕಡೆಯ ಕುರಿಗಾರ ಬೀರಪ್ಪ. ದಿನಾ ಬೆಳಿಗ್ಗೆ ಮನೆಯಲ್ಲೇ ತೂಕ ನೋಡಿ ಅಂಕಿ ಹಾಕಿದರೆ ನನ್ನ ಫೋನಿಗೆ ಬರುತ್ತದೆ. ಕಿಡ್ನಿ ಕೈಕೊಟ್ಟವರಿಗೆ ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ, ತೂಕ ದಿಢೀರನೆ ಏರಿದರೆ ಜೀವಕ್ಕೇ ಅಪಾಯ. ಹಾಗಾಗಿ ಖಡಕ್ಕಾಗಿಯೇ ಹೇಳಿದ್ದೆ: “ದಿನಾ ಒಂದೇ ಬಟ್ಟಿ ಹಾಕ್ಕೊಂಡು ತೂಕ ನೋಡ್ರಿ. ಬದಲಿ ಮಾಡಬ್ಯಾಡ್ರಿ.”

ಒಂದು ದಿನ ಆ್ಯಪ್ ಕೆಂಪಾಯಿತು. ಬೆಳಗಾಗುವುದರೊಳಗೆ ಎರಡು ಕಿಲೋ ಏರಿಕೆ. ದೇಹದಲ್ಲಿ ನೀರು ತುಂಬಿರಬಹುದು ಎಂಬ ಎಚ್ಚರಿಕೆ ಬೇರೆ. ಫೋನ್ ಹಚ್ಚಿದೆ.

“ಕಾಕಾ, ಎಷ್ಟ್ ನೀರು ಕುಡದೀರಿ?”

“ನೀರಿನ ತಂಬಿಗಿ ಮುಟ್ಟಿಲ್ರಿ ಸಿಸ್ಟರ್.”

“ಎಲ್ಲಾರೂ ಹಿಂಗೇ ಅಂತಾರ. ದಮ್ ಹತ್ತೇದೇನು?”

“ಇಲ್ರೀ, ಆರಾಮ ಇದೀನಿ.”

“ಆರಾಮ ನಾ ನೋಡಿ ಹೇಳ್ತೀನಿ. ಮೊದಲ್ ಬಸ್ ಹತ್ತಿ ಬರ್ರಿ.”

ಬಂದರು. ಹೊರಗೆ ಮಳೆ. ತಲೆಯಿಂದ ಇಳಿಬಿಟ್ಟ ಕಂಬಳಿಯಿಂದ ತೊಟತೊಟ ನೀರು ಸುರಿಯುತ್ತಿತ್ತು. ನಮ್ಮ ತೂಕದ ಯಂತ್ರವೂ ಅದೇ ಏರಿಕೆ ತೋರಿಸಿತು.

“ಕಂಬಳಿ ತಗೀರಿ ಕಾಕಾ.”

ಅವರು ಕಂಬಳಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. “ಬದಲಿ ಮಾಡಬ್ಯಾಡ ಅಂದವರು ನೀವೇ ಅಲ್ರಿ? ದಿನಾ ಇದನ್ನ ಹೊದ್ಕೊಂಡೇ ತೂಕಕ್ಕ ನಿಂದರತೀನಿ. ಇವತ್ತ ಮುಂಜಾನೇನೂ ಕುರಿ ಹಟ್ಟಿಯಿಂದ ತೊಯ್ಸಿಕೊಂಡು ಬಂದು ಹಂಗೇ ನಿಂತೇನಿ.”

ಕೊನೆಗೂ ಕಂಬಳಿ ಬಿಡಿಸಿ ಕಿಟಕಿಗೆ ಹಾಕಿದೆವು. ಏರಿದ್ದ ತೂಕ ಇಳಿಯಿತು. ಕಿಟಕಿಯ ಕೆಳಗೆ ನೆಲವೆಲ್ಲ ಕೆರೆ.

ಆ್ಯಪನ್ನು ಮಾತ್ರ ನಾನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ಎರಡು ಕಿಲೋ ನೀರು ತುಂಬಿದೆ ಎಂದು ಅದು ಹೇಳಿದ್ದು ಖರೆಯೇ. ಎಲ್ಲಿ ಎನ್ನುವುದರಲ್ಲಿ ಸ್ವಲ್ಪ ಎಡವಿತು, ಅಷ್ಟೇ.